ಮೌನದ ಪ್ಲೇಟು

ಸೆಪ್ಟೆಂಬರ್ ೩, ಮಂಗಳವಾರ

ಇವತ್ತು ಕೆಂಪು ಪ್ಲೇಟ್ ಕೈಗೆ ಬಂತು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಮೇಲೊಂದು ಸಡಿಲ ಮುಚ್ಚಳ, ಒಳಗೆ ರಕ್ತ ಬೆರೆಸಿ ಗಟ್ಟಿಯಾಗಿಸಿದ ಜೆಲ್ಲಿ. ಬ್ಯಾಕ್ಟೀರಿಯಾಗಳಿಗೆ ಮೃಷ್ಟಾನ್ನವಂತೆ.

"ನಮ್ಮ ಮೆಸ್ಸಿಗಿಂತ ವಾಸಿ ಬಿಡು," ಎಂದಳು ನನ್ನ ಪಾರ್ಟ್‌ನರ್.

ಅವಳು ಕಾಲೇಜಿಗೆ ಕಾಲಿಟ್ಟಾಗಿನಿಂದ ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲ. ಕ್ಲಾಸಿನವರು ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದಾರೆ. ನನಗೆ ಮ್ಯೂಟ್. ರೋಲ್ ನಂಬರ್ ಪ್ರಕಾರ ಜೋಡಿ ಮಾಡಿದ್ದೇನೆ ಎಂದರು ಲ್ಯಾಬ್ ಮೇಡಂ. ನನ್ನ ಹಣೆಬರಹದಲ್ಲಿ ರೋಲ್ ನಂಬರ್ ಕೂಡ ಸರಿಯಿಲ್ಲ.

ನಿಯಮ ಹೀಗಿದೆ. ಪ್ರತಿ ಜೋಡಿಗೆ ಒಂದು ಬ್ಯಾಕ್ಟೀರಿಯಾ, ಯಾರಿಗೂ ಕಾಯಿಲೆ ತರದ ಸಾಧು ಜಾತಿಯದು. ಅದನ್ನು ಹಳೆಯ ಪ್ಲೇಟಿನಿಂದ ಹೊಸ ಪ್ಲೇಟಿಗೆ ವಾರವಾರವೂ ದಾಟಿಸುತ್ತ, ಟರ್ಮ್ ಮುಗಿಯುವವರೆಗೆ ಶುದ್ಧವಾಗಿ ಉಳಿಸಿಕೊಳ್ಳಬೇಕು. ಕೊನೆಯ ಪ್ಲೇಟನ್ನು ಹೊರಗಿನಿಂದ ಬರುವ ಎಕ್ಸಾಮಿನರ್ ನೋಡುತ್ತಾರೆ. ಬೇರೆ ಯಾವುದಾದರೂ ಜೀವ ಒಳಗೆ ಸೇರಿದರೆ ಕಂಟ್ಯಾಮಿನೇಷನ್. ಮೂರು ಸಲ ಆದರೆ ಪ್ರಾಕ್ಟಿಕಲ್ ಫೇಲ್, ಇಬ್ಬರೂ. ಪ್ರಾಕ್ಟಿಕಲ್ ಪಾಸಾಗದೆ ಎರಡನೇ ವರ್ಷಕ್ಕೆ ಬಿಡುವುದಿಲ್ಲ.

"ಇಬ್ಬರೂ ಅಂದ್ರೆ ಇಬ್ಬರೂ," ಎಂದರು ಮೇಡಂ. "ಅವಳು ಮಾಡಿದ್ದು, ಇವಳು ಮಾಡಿದ್ದು ಅಂತ ನನ್ನ ಹತ್ರ ಪಂಚಾಯ್ತಿ ತರಬೇಡಿ. ಮಾಸ್ಕೂ ಕೊಡಲ್ಲ. ಮೊದಲು ಕೈ ಬಾಯಿ ಹಿಡಿತದಲ್ಲಿ ಇಟ್ಕೊಳ್ಳೋದು ಕಲೀರಿ."

ದಾಟಿಸುವ ಕೆಲಸ ನಾನೇ ಮಾಡುತ್ತೇನೆಂದೆ. ಅವಳ ಕೈಗೆ ಕೊಟ್ಟು ನಾನು ನೋಡುತ್ತ ನಿಲ್ಲುವುದು ಸಾಧ್ಯವಿರಲಿಲ್ಲ. ಬರ್ನರ್ ಹೊತ್ತಿಸುವುದು, ಲೇಬಲ್ ಬರೆಯುವುದು ಅವಳಿಗೆ. ಕೈ ನಡುಗುತ್ತಿತ್ತು. ಪ್ರತಿ ಸ್ಟೆಪ್ಪನ್ನೂ ಮನಸ್ಸಿನಲ್ಲೇ ಹೇಳಿಕೊಂಡು ಮಾಡಿದೆ. ಫ್ಲೇಮ್, ಕೂಲ್, ಟಚ್, ಸ್ಟ್ರೀಕ್. ತಂತಿಯ ತುದಿಯ ಲೂಪನ್ನು ಕೆಂಪಗೆ ಕಾಯಿಸು, ಆರಲು ಬಿಡು, ಹಳೆಯ ಪ್ಲೇಟನ್ನು ಮುಟ್ಟು, ಹೊಸದರ ಮೇಲೆ ಗೆರೆ ಎಳೆ. ರೇಡಿಯೋ ಅಷ್ಟರಲ್ಲಿ ಬ್ಯಾಕ್ಟೀರಿಯಾಗೆ ಪಾಪು ಎಂದು ಹೆಸರಿಟ್ಟು, ಅದರ ಮದುವೆಯವರೆಗೂ ಹೋಗಿದ್ದಳು.

ರೂಮ್‌ಮೇಟ್ ಕಾಮರ್ಸ್ ಓದುವವಳು. ಸಂಜೆ ನಾನು ಪುಸ್ತಕ ತೆಗೆದ ಕೂಡಲೇ "ಜೇನುಗೂಡು ಶುರುವಾಯ್ತಾ?" ಎಂದು ಕಿವಿಗೆ ಹತ್ತಿ ತುರುಕಿಕೊಂಡಳು. ಯಾವ ಜೇನುಗೂಡೋ. ಅವಳಿಗೆ ಫ್ಯಾನಿನ ಸದ್ದೂ ಆಗುವುದಿಲ್ಲ.

ಸೆಪ್ಟೆಂಬರ್ ೪, ಬುಧವಾರ

ಪ್ಲೇಟ್ ಶುದ್ಧ. ಗೆರೆಯುದ್ದಕ್ಕೂ ಬಿಳಿ ಚುಕ್ಕೆಗಳು. ಗೆರೆ ಮಾತ್ರ ಡೊಂಕು ಎಂದರು ಮೇಡಂ. "ಹಾವು ಹರಿದಂಗಿದೆಯಲ್ಲಮ್ಮಾ."

ಸೆಪ್ಟೆಂಬರ್ ೧೧, ಬುಧವಾರ

ಈ ವಾರವೂ ಶುದ್ಧ. ಗೆರೆ ಈ ವಾರವೂ ಡೊಂಕು. ಬಯೋಕೆಮಿಸ್ಟ್ರಿ ಟೆಸ್ಟಿನಲ್ಲಿ ಓದಿದ್ದೆಲ್ಲ ಬಂತು, ಬಂದಿದ್ದು ಬರೆಯಲು ಸಮಯ ಸಾಲಲಿಲ್ಲ. ನನಗೆ ಮೆಡಿಕಲ್ ಸೀಟು ಸಿಗಲಿಲ್ಲ, ಮೆಡಿಕಲ್ ಬಯೋಟೆಕ್ನಾಲಜಿ ಸಿಕ್ಕಿತು. ಅಪ್ಪ ನೆಂಟರಿಗೆ ಹೇಳುವಾಗ ಮೊದಲನೇ ಪದವನ್ನು ಜೋರಾಗಿ ಹೇಳಿ ಎರಡನೆಯದಕ್ಕೆ ಕೆಮ್ಮುತ್ತಾರೆ. ನಾನು ಫೇಲಾದರೆ ಎರಡಕ್ಕೂ ಕೆಮ್ಮಬೇಕಾಗುತ್ತದೆ.

ಸೆಪ್ಟೆಂಬರ್ ೧೮, ಬುಧವಾರ

ಕಂಟ್ಯಾಮಿನೇಷನ್.

ನಿನ್ನೆ ಎಷ್ಟು ಎಚ್ಚರದಿಂದ ಮಾಡಿದ್ದೆ. ಗೆರೆ ನೇರ ಬರಲೆಂದು ಮೂಗು ಪ್ಲೇಟಿಗೆ ತಾಗುವಷ್ಟು ಬಗ್ಗಿದ್ದೆ. ನೇರವಾಗಿಯೇ ಬಂದಿದೆ. ಆದರೆ ಗೆರೆಯ ಹೊರಗೆ, ನನ್ನ ಕಡೆಯ ಅಂಚಿನಲ್ಲಿ, ಸೂಜಿಮೊನೆಯಂತಹ ಚುಕ್ಕೆಗಳು. ಒಂದೊಂದರ ಸುತ್ತಲೂ ಕೆಂಪು ಕರಗಿ ಹಸಿರು ಬಳೆಯಂತೆ ಆಗಿದೆ.

ಮೇಡಂ ಪ್ಲೇಟನ್ನು ಬೆಳಕಿಗೆ ಹಿಡಿದರು. "ಗೆರೆ ಮೇಲೆ ಇದ್ದಿದ್ರೆ ಲೂಪಿಂದ ಬಂದಿದ್ದು. ಗೆರೆ ಹೊರಗಿದೆ, ಅಂದ್ರೆ ಮೇಲಿಂದ ಬಿದ್ದಿದ್ದು." ಒಂದು ಚುಕ್ಕೆಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಮಣಿ ಪೋಣಿಸಿದ ಸರದಂತೆ ಸಾಲುಸಾಲು. "ಇವು ಗಾಳೀಲಿ ಇರೋವಲ್ಲ. ಬಾಯಲ್ಲಿ ಇರೋವು. ಯಾರೋ ಪ್ಲೇಟಿನ ಮೇಲೆ ಮಾತಾಡಿದ್ದೀರ."

ಇಡೀ ಕ್ಲಾಸು ರೇಡಿಯೋ ಕಡೆ ತಿರುಗಿತು.

"ನಾನು ದೂರ ಇದ್ದೆ ಮೇಡಂ!" ಎಂದಳು.

"ನಿನ್ನ ಪ್ರಸಾರ ಮುಂದಿನ ಬೀದೀವರೆಗೂ ಕೇಳುತ್ತಲ್ಲೇ," ಎಂದ ಹಿಂದಿನ ಬೆಂಚಿನವ. ಎಲ್ಲರೂ ನಕ್ಕರು, ಅವಳೂ ನಕ್ಕಳು. ನನಗೆ ನಗು ಬರಲಿಲ್ಲ. ಫ್ರಿಡ್ಜಿನಲ್ಲಿಟ್ಟಿದ್ದ ಹಿಂದಿನ ವಾರದ ಒಳ್ಳೆಯ ಪ್ಲೇಟಿನಿಂದ ಮತ್ತೆ ಶುರು ಮಾಡಬೇಕು. ಒಂದು ಸಲ ಹೋಯಿತು. ಇನ್ನು ಎರಡು.

ಸೆಪ್ಟೆಂಬರ್ ೨೨, ಭಾನುವಾರ

ಅಕ್ಕ ಫೋನ್ ಮಾಡಿದ್ದಳು.

"ಊಟ ಆಯ್ತಾ ಕೂಸೇ? ಬಾಯಿಪಾಠ ಜೋರಾ?"

"ಬಾಯಿಪಾಠ ಅಲ್ಲ ಅಕ್ಕ, ಇಲ್ಲೆಲ್ಲ ಕಾನ್ಸೆಪ್ಟ್."

"ಹ್ಞೂಂ, ಹ್ಞೂಂ. ರಜೆಗೆ ಬಂದಾಗ ಪಾತ್ರೆ ತೊಳೀತಾನೂ ಪಿಟಿಪಿಟಿ ಅಂತಿದ್ದೆ. ಅಮ್ಮ ಗಾಳಿ ಸೋಕಿದ್ಯಾ ಅಂತ ಕೇಳಿದ್ಲು ನನ್ನ."

ಅಕ್ಕನಿಗೆ ಯಾವಾಗಲೂ ತಮಾಷೆ. ಅವಳು ಮನೆಯಲ್ಲಿ ಬೆಳೆದವಳು. ಅಪ್ಪ ರೈಲಿನಲ್ಲಿ ಟಿಕೆಟ್ ಚೆಕ್ ಮಾಡುವವರು. ವರ್ಷಕ್ಕೊಂದು ಊರಿಗೆ ವರ್ಗ. ಅವಳ ಓದು ಅಷ್ಟರಲ್ಲಿ ಮುಗಿದಿತ್ತು, ನನ್ನದು ಶುರುವಾಗಿತ್ತು, ಹಾಗಾಗಿ ಹಾಸ್ಟೆಲು ನನ್ನ ಪಾಲಿಗೆ. ಮೂರನೇ ಕ್ಲಾಸಿನಿಂದ. ಸ್ಟಡಿ ಅವರ್‌ನಲ್ಲಿ ವಾರ್ಡನ್ ಬೆಂಚುಗಳ ನಡುವೆ ಓಡಾಡುತ್ತಿದ್ದರು. ಸದ್ದು ಕೇಳಿದರೆ ಆಚೆ ನಿಲ್ಲಿಸುತ್ತಿದ್ದರು. ಎಲ್ಲವನ್ನೂ ಒಳಗೊಳಗೇ ಹೇಳಿಕೊಳ್ಳುವುದನ್ನು ಅಲ್ಲಿಯೇ ಕಲಿತದ್ದು. ಇಂಗ್ಲಿಷ್ ಅರ್ಥವಾಗದ ದಿನಗಳಲ್ಲೂ ಹಾಗೇ ಹೇಳಿಕೊಂಡು ಪಾಸಾದೆ. ನಿಲ್ಲಿಸಿದರೆ ಒಂದೂ ನೆನಪಿಗೆ ಬರುವುದಿಲ್ಲ.

ಪಾಪುವಿನ ವಿಷಯ ಹೇಳಬೇಕೆಂದಿದ್ದೆ. ಹೇಳಲಿಲ್ಲ.

ಸೆಪ್ಟೆಂಬರ್ ೨೫, ಬುಧವಾರ

ಮತ್ತೆ. ಅದೇ ಹಸಿರು ಬಳೆಗಳು. ಅದೇ ಅಂಚಿನಲ್ಲಿ. ಮೊದಲಿಗಿಂತ ಹೆಚ್ಚು.

ಎರಡನೆಯದು. ಇನ್ನೊಂದಾದರೆ ಮುಗಿಯಿತು.

ನಿನ್ನೆ ನಾನು ಇನ್ನೂ ಹತ್ತಿರ ಬಗ್ಗಿದ್ದೆ, ಪ್ರತಿ ಸ್ಟೆಪ್ಪನ್ನೂ ಎರಡೆರಡು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ರೇಡಿಯೋ ಹಿಂದಿನಿಂದ ಅವರಮ್ಮನ ಸಲೂನಿನ ಕತೆ ಹೇಳುತ್ತಲೇ ಇದ್ದಳು. ಯಾರದೋ ಕೂದಲಿಗೆ ಬಣ್ಣ ಹಾಕಿದ್ದು, ಯಾರದೋ ಮದುವೆ ಮುರಿದಿದ್ದು. "ಸ್ವಲ್ಪ ಸುಮ್ಮನಿರು" ಎನ್ನಬೇಕಿತ್ತು. ನನಗೆ ಬರುವುದಿಲ್ಲ ಅದು.

ಕ್ಲಾಸು ಖಾಲಿಯಾದ ಮೇಲೆ ಮೇಡಂ ಟೇಬಲ್ ಹತ್ತಿರ ಹೋದೆ.

"ಅವಳು ಮಾತಾಡ್ತಾಳೆ ಮೇಡಂ."

ಅವರು ಕನ್ನಡಕ ತೆಗೆದರು. "ಅಪರೂಪಕ್ಕೆ ಬಾಯಿ ಬಿಟ್ಟೆ. ಮುಂದಕ್ಕೆ ಹೇಳು."

"ನಾನು ಬೇರೆಯವರ ಜೊತೆ... ಅಥವಾ ಒಬ್ಬಳೇ..."

"ಪಂಚಾಯ್ತಿ ತರಬೇಡಿ ಅಂದಿದ್ದೆ ಅಲ್ವಾ?" ಎಂದು ಅವರು ಹೇಳುವಾಗ ಅವರ ಕಣ್ಣು ನನ್ನ ಹೆಗಲ ಹಿಂದಕ್ಕೆ ಹೋಯಿತು. ತಿರುಗಿದರೆ ರೇಡಿಯೋ. ಬಿಟ್ಟುಹೋಗಿದ್ದ ಬ್ಯಾಗ್ ತೆಗೆದುಕೊಳ್ಳಲು ಬಂದಿದ್ದಳು. ತೆಗೆದುಕೊಂಡು ಹೋದಳು. ಒಂದು ಮಾತೂ ಆಡಲಿಲ್ಲ.

ನಾನು ಹೇಳಿದ್ದರಲ್ಲಿ ಸುಳ್ಳೇನಿದೆ? ಅವಳು ಮಾತಾಡುತ್ತಾಳೆ. ಎಲ್ಲರಿಗೂ ಗೊತ್ತು.

ಸೆಪ್ಟೆಂಬರ್ ೨೬, ಗುರುವಾರ

ಅವಳು ಬೇರೆ ಬೆಂಚಿನಲ್ಲಿ ಕೂತಳು.

ಸೆಪ್ಟೆಂಬರ್ ೨೭, ಶುಕ್ರವಾರ

ಇವತ್ತೂ.

ಅಕ್ಟೋಬರ್ ೧, ಮಂಗಳವಾರ

ಲ್ಯಾಬಿನಲ್ಲಿ ಅವಳು ಬಂದು ಬರ್ನರ್ ಹೊತ್ತಿಸಿ, ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತಳು. ಹಿಂದಿನ ಬೆಂಚಿನವ "ಏನಿವತ್ತು ಕರೆಂಟ್ ಇಲ್ವಾ ಸ್ಟೇಷನ್ನಿಗೆ?" ಎಂದ. ಅವಳು ತಿರುಗಲೂ ಇಲ್ಲ. ಅವನೇ ಮುಜುಗರಪಟ್ಟು ಸುಮ್ಮನಾದ.

ಇಷ್ಟು ಶಾಂತಿ ಬೇಕೆಂದು ಎಷ್ಟು ಆಸೆಪಟ್ಟಿದ್ದೆ. ಆದರೆ ಬರ್ನರಿನ ಬುಸ್ಸೆನ್ನುವ ಸದ್ದು ಇಷ್ಟು ಜೋರಾಗಿದೆ ಎಂದು ಮೊದಲು ಗೊತ್ತಿರಲಿಲ್ಲ.

ನಮ್ಮ ಜೋಡಿಗೆ ಹೊಸ ಪ್ಲೇಟ್ ಕೊಡಲಿಲ್ಲ ಮೇಡಂ. ಪಾಪು ಫ್ರಿಡ್ಜಿನಲ್ಲಿ ಇರುವ ಒಂದೇ ಒಳ್ಳೆಯ ಪ್ಲೇಟಿನಲ್ಲಿ ಬದುಕಿದೆ. ಜೆಲ್ಲಿಯ ಅಂಚು ಒಣಗಿ ಮೇಲೇಳುತ್ತಿದೆ. ಇನ್ನು ಒಂದೇ ಸಲ ದಾಟಿಸುವುದು, ಅದೇ ಎಕ್ಸಾಮಿನರ್ ಪ್ಲೇಟು. ಅದಕ್ಕೆ ಮೊದಲು ಇಡೀ ಕ್ಲಾಸಿಗೆ ಒಂದು ಟೆಸ್ಟ್ ಮಾಡುತ್ತಾರಂತೆ. ಪ್ರತಿಯೊಬ್ಬರಿಗೂ ಎರಡು ಪ್ಲೇಟ್. ಒಂದರ ಮುಂದೆ ಜೋರಾಗಿ ಓದಬೇಕು. ಇನ್ನೊಂದರ ಮುಂದೆ ಬಾಯಿ ಮುಚ್ಚಿಕೊಂಡು ಖಾಲಿ ಲೂಪಿನಿಂದ ಎಲ್ಲ ಸ್ಟೆಪ್ಪುಗಳನ್ನೂ ಮಾಡಬೇಕು. "ಮಾತಿಗೆ ಎಷ್ಟು ತುಂತುರು ಇರುತ್ತೆ ಅಂತ ಕಣ್ಣಾರೆ ನೋಡಿ," ಎಂದರು.

ಸಂಜೆ ಮೆಸ್ಸಿನಲ್ಲಿ ಅವಳ ಹಿಂದೆಯೇ ಸಾಲಿನಲ್ಲಿ ನಿಂತಿದ್ದೆ. ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದಳು, ತಗ್ಗಿದ ದನಿಯಲ್ಲಿ. "ಇಲ್ಲಮ್ಮ, ಹಂಗೇನಿಲ್ಲ... ಗೊತ್ತು, ಇದು ಎರಡನೇ ಕಾಲೇಜು, ಮೂರನೇದಿಲ್ಲ ಅಂತ ಗೊತ್ತು... ಆಯ್ತು, ಆ ಕುರ್ಚಿ ಖಾಲಿನೇ ಇರ್ಲಿ ಬಿಡು. ಬರೋದಾದ್ರೆ ಬರ್ತೀನಿ."

ಅವರಮ್ಮನ ಸಲೂನಿನಲ್ಲಿ ಎರಡನೇ ಕುರ್ಚಿ ಒಂದಿದೆ, ಓದು ಕೈಕೊಟ್ಟರೆ ತನಗೇ ಎಂದು ಹಿಂದೆ ಅವಳೇ ಹೇಳಿದ್ದು ನೆನಪಾಯಿತು. ಆಗ ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಅಕ್ಟೋಬರ್ ೧೫, ಮಂಗಳವಾರ

ಟೆಸ್ಟ್ ಆಯಿತು. ಜೋರಾಗಿ ಓದುವ ಸರದಿಯಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. "ಪ್ಲೇಟಿಗೆ ಓದಮ್ಮಾ, ನಿನ್ನ ಕಾಲುಂಗುಷ್ಠಕ್ಕಲ್ಲ," ಎಂದರು ಮೇಡಂ. ಪುಸ್ತಕದೊಳಗೆ ಮುಖ ಹುದುಗಿಸಿ ಮುಗಿಸಿದೆ. ಸುಮ್ಮನಿರುವ ಪ್ಲೇಟು ಸುಲಭ. ಅದು ನನ್ನದೇ ಕ್ಷೇತ್ರ. ಪ್ರತಿ ಸ್ಟೆಪ್ಪೂ ಮನಸ್ಸಿನಲ್ಲೇ ಹೇಳಿಕೊಂಡು, ಬಗ್ಗಿ, ಅಚ್ಚುಕಟ್ಟಾಗಿ ಮಾಡಿದೆ.

ಲೇಬಲನ್ನು ಎಂದಿನಂತೆ ಮುಚ್ಚಳದ ಮೇಲಲ್ಲ, ತಟ್ಟೆಯ ತಳದ ಮೇಲೆ ಬರೆದೆವು. ಮುಚ್ಚಳ ಅದಲುಬದಲಾದರೂ ತಳ ಆಗುವುದಿಲ್ಲವಲ್ಲ. ಮಾತಿನ ಪ್ಲೇಟಿಗೆ "ಮಾ", ಮೌನದ್ದಕ್ಕೆ "ಮೌ", ಪಕ್ಕದಲ್ಲಿ ರೋಲ್ ನಂಬರ್.

ರೇಡಿಯೋ ಪುಸ್ತಕ ಓದುವಾಗ ಹಳೆಯ ದನಿ ಬಂದಿತ್ತು. ಓದಿ ಮುಗಿಸಿ ಮತ್ತೆ ಬಾಯಿಗೆ ಬೀಗ ಹಾಕಿಕೊಂಡಳು.

ನಾಳೆ ಬೆಳಿಗ್ಗೆ ಬ್ಯಾಕ್ಟೀರಿಯಾ ಬೆಳೆಯಲು ಬೆಚ್ಚಗಿಡುವ ಇನ್‌ಕ್ಯುಬೇಟರಿನಿಂದ ಪ್ಲೇಟುಗಳನ್ನು ತೆಗೆಯುವ ಪಾಳಿ ನನ್ನದು.

ಅಕ್ಟೋಬರ್ ೧೬, ಬುಧವಾರ

ಕ್ರಮವಾಗಿ ಬರೆಯುತ್ತೇನೆ.

ಇನ್‌ಕ್ಯುಬೇಟರ್ ರೂಮು ಚಿಕ್ಕದು, ಒಬ್ಬರು ನಿಂತರೆ ಇನ್ನೊಬ್ಬರು ಉಸಿರು ಬಿಗಿಹಿಡಿಯಬೇಕು. ಬಾಗಿಲು ತೆಗೆದಾಗ ಬೆಚ್ಚಗಿನ ಹುಳಿ ವಾಸನೆ. ಟ್ರೇ ಹೊರಗೆಳೆದು ಮೊದಲು ಅವಳ ಪ್ಲೇಟುಗಳನ್ನು ಹುಡುಕಿದೆ. ಯಾಕೆ ಹುಡುಕಿದೆನೆಂದು ನನಗೆ ಗೊತ್ತು. ಸಾಕ್ಷಿ ಬೇಕಿತ್ತು. ಅವಳ ಮಾತಿನ ಪ್ಲೇಟಿನ ತುಂಬ ಚುಕ್ಕೆಗಳು, ಹಸಿರು ಬಳೆಗಳು. ನೋಡಿ ಸಮಾಧಾನವಾಯಿತು. ಅವಳ ಮೌನದ ಪ್ಲೇಟು ತೊಳೆದಿಟ್ಟ ಹಾಗೆ ಖಾಲಿ.

ಆಮೇಲೆ ನನ್ನದು. "ಮಾ": ಖಾಲಿ, ಅಂಚಿನಲ್ಲಿ ಎಲ್ಲೋ ಒಂದು ಚುಕ್ಕೆ. "ಮೌ": ತುಂಬಿತ್ತು. ನನ್ನ ಕಡೆಯ ಅಂಚಿನಿಂದ ನಡುವಿನವರೆಗೆ, ಅಕ್ಕಿ ಚೆಲ್ಲಿದಂತೆ. ಹಸಿರು ಬಳೆಗಳು.

ಬರೆಯುವಾಗ ಅದಲುಬದಲಾಗಿದೆ ಎಂದುಕೊಂಡೆ. ಇದನ್ನು ಇಲ್ಲಿ ಪ್ರಾಮಾಣಿಕವಾಗಿ ಬರೆಯಬೇಕು: ನಿಜವಾಗಿಯೂ ಹಾಗೇ ಅಂದುಕೊಂಡೆ. ನಾನು ಬಾಯಿ ಬಿಡದ ಹುಡುಗಿ. ನನ್ನ ಮೌನದ ಪ್ಲೇಟು ತುಂಬಲು ಹೇಗೆ ಸಾಧ್ಯ? ಸರಿಪಡಿಸಿಬಿಡೋಣ, ಅಷ್ಟೇ. ಪಕ್ಕದಲ್ಲೇ ಸ್ಪಿರಿಟ್ ಇತ್ತು, ಹತ್ತಿ ಇತ್ತು. "ಮೌ" ಎಂಬುದನ್ನು ಉಜ್ಜಿದೆ. ಒಂದೇ ಸಲಕ್ಕೆ ಹೋಯಿತು. ಮಾರ್ಕರ್ ಕೈಗೆತ್ತಿಕೊಂಡೆ.

ಆಗ ಇನ್‌ಕ್ಯುಬೇಟರಿನ ಗಾಜಿನ ಬಾಗಿಲಲ್ಲಿ ಒಬ್ಬಳು ಕಂಡಳು. ಬಿಳಿ ಕೋಟು, ಕೈಯಲ್ಲಿ ಪ್ಲೇಟು, ತಲೆ ಬಗ್ಗಿಸಿದ್ದಾಳೆ. ಅವಳ ತುಟಿಗಳು ಆಡುತ್ತಿವೆ. ಬಿಡುವಿಲ್ಲದೆ, ಹೊಲಿಗೆ ಮೆಷಿನ್ನಿನ ಸೂಜಿಯಂತೆ. ಲೇಬಲ್ ದಿ ಬೇಸ್, ನಾಟ್ ದಿ ಲಿಡ್, ಲೇಬಲ್ ದಿ ಬೇಸ್, ನಾಟ್ ದಿ ಲಿಡ್.

ನಾನು ನಿಲ್ಲಿಸಿದೆ. ಅವಳೂ ನಿಲ್ಲಿಸಿದಳು.

ರೂಮ್‌ಮೇಟ್ ಕಿವಿಯ ಹತ್ತಿ, ಅಕ್ಕನ ಪಿಟಿಪಿಟಿ, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ಮನಸ್ಸಿನಲ್ಲೇ, ಮನಸ್ಸಿನಲ್ಲೇ ಎಂದು ಈ ಪುಸ್ತಕದಲ್ಲೇ ಎಷ್ಟು ಸಲ ಬರೆದಿದ್ದೇನೆ.

ಲೇಬಲ್ ಇಲ್ಲದ ಪ್ಲೇಟು ಕೈಯಲ್ಲಿತ್ತು. ಅದರ ಮೇಲೆ ಏನು ಬೇಕಾದರೂ ಬರೆಯಬಹುದಿತ್ತು. ಕಾರಿಡಾರಿನಲ್ಲಿ ಚಪ್ಪಲಿ ಸದ್ದು ಹತ್ತಿರ ಬರುತ್ತಿತ್ತು. "ಮೌ" ಎಂದೇ ಬರೆದೆ. ಅಕ್ಷರ ಡೊಂಕಾಯಿತು.

ಕ್ಲಾಸಿನಲ್ಲಿ ಮೇಡಂ ಒಂದೊಂದೇ ಪ್ಲೇಟ್ ಎತ್ತಿ ತೋರಿಸಿದರು. ರೇಡಿಯೋಳ ಮಾತಿನ ಪ್ಲೇಟಿಗೆ ಚಪ್ಪಾಳೆ, ಶಿಳ್ಳೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ನನ್ನದು ಬಂದಾಗ ಮೇಡಂ ಹುಬ್ಬು ಗಂಟಿಕ್ಕಿದರು.

"ಇದು ಅದಲುಬದಲಾಗಿದೆ. ಲೇಬಲ್ ಹಾಕುವಾಗ ಎಚ್ಚರ ಇರ್ಲಿ ಅಂತ ಎಷ್ಟು ಸಲ ಬಡ್ಕೊಳ್ಳೋದು?" ಎಂದು ಮುಂದಿನ ಪ್ಲೇಟಿಗೆ ಕೈ ಹಾಕಿದರು.

ಅಲ್ಲಿಗೆ ಮುಗಿದೇಹೋಗಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು.

"ಇಲ್ಲ ಮೇಡಂ."

"ಏನಮ್ಮಾ?"

"ಅದಲುಬದಲಾಗಿಲ್ಲ. ಅದು ಸೈಲೆಂಟ್ ಪ್ಲೇಟೇ."

"ಜೋರಾಗಿ ಹೇಳು, ಕೇಳಿಸ್ತಿಲ್ಲ."

ಎದ್ದು ನಿಂತೆ. "ಕೆಲಸ ಮಾಡುವಾಗ ನಾನು ಪಿಟಿಪಿಟಿ ಅಂತೀನಿ ಮೇಡಂ. ಸ್ಟೆಪ್ಸ್ ಹೇಳ್ಕೋತೀನಿ. ಮನಸಲ್ಲೇ ಅಂದ್ಕೊಂಡಿದ್ದೆ, ಬಾಯಲ್ಲಿ ಅಂತ ಗೊತ್ತಿರಲಿಲ್ಲ. ಹಿಂದಿನ ಎರಡು ಸಲ ಆಗಿದ್ದೂ ನನ್ನಿಂದಾನೇ. ಅವಳಿಂದಲ್ಲ."

"ಮ್ಯೂಟ್‌ಗೆ ಬಾಯಿ ಬಂತಪ್ಪೋ!" ಎಂದ ಹಿಂದಿನ ಬೆಂಚಿನವ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. ನನ್ನ ಪ್ಲೇಟನ್ನು ಮತ್ತೆ ಎತ್ತಿ, ಅಂಚನ್ನು ನೋಡಿ, ನನ್ನ ಮುಖ ನೋಡಿದರು.

"ಎರಡು ಅಂದ್ರೆ ಎರಡೇ. ಯಾರಿಂದ ಆದ್ರೂ ಇಬ್ಬರ ಲೆಕ್ಕಕ್ಕೇ. ಕೊನೇ ಪ್ಲೇಟನ್ನ ಮಂಗಳವಾರ ನೀನೇ ಮಾಡು. ಯಾರ ಕೈಲಿ ಕೆಟ್ಟಿತೋ ಅವರ ಕೈಲೇ ಸರಿ ಆಗ್ಬೇಕು. ಅವಳ ಕೈಗೆ ಕೊಟ್ಟು ತಪ್ಪಿಸ್ಕೊಳ್ಳೋ ಹಾಗಿಲ್ಲ."

ಆಮೇಲೆ ಸಿಂಕಿನ ಹತ್ತಿರ ರೇಡಿಯೋ ಕೈ ತೊಳೆಯುತ್ತಿದ್ದಳು. ಪಕ್ಕದ ನಲ್ಲಿ ತಿರುಗಿಸಿದೆ.

"ಸಾರಿ."

"ಚಾಡಿ ಹೇಳೋಕೆ ಮಾತ್ರ ಬಾಯಿ ಇತ್ತು ನಿಂಗೆ," ಎಂದಳು. ನೀರಿನ ಕಡೆಯೇ ನೋಡುತ್ತಿದ್ದಳು. "ಎಲ್ಲರ ಮುಂದೆ ಹೇಳಿದ್ದಕ್ಕೆ ನಿನ್ನನ್ನ ತಬ್ಕೋಬೇಕಾ ಈಗ?"

"ಬೇಡ."

ಅವಳು ನಲ್ಲಿ ನಿಲ್ಲಿಸಿದಳು. ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ.

"ನೋಡಿದ್ದೆ ನಾನು. ನಿನ್ನ ತುಟಿ ಆಡೋದನ್ನ. ಮೊದಲನೇ ದಿನದಿಂದ್ಲೂ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ದೇವರನ್ನ ನೆನೀತಿದ್ದೀಯ ಅಂದ್ಕೊಂಡೆ ಕಣೇ. ಅಷ್ಟು ನಡುಗ್ತಿದ್ದೆ. ಮಧ್ಯ ಬಾಯಿ ಹಾಕ್ಬಾರ್ದು ಅಂತ ಆ ಕಡೆ ತಿರುಗ್ಕೊಂಡು ಮಾತಾಡ್ತಿದ್ದೆ. ಆಮೇಲೆ ಬಾಯಿಂದ ಬಿದ್ದಿದ್ದು ಅಂತ ಮೇಡಂ ಅಂದಾಗ್ಲೂ, ಒಬ್ಬರ ಪ್ರಾರ್ಥನೆ ಮೇಲೆ ಹೇಗೆ ಹಾಕೋದು ಅನ್ನಿಸ್ತು." ನನ್ನ ಕಡೆ ತಿರುಗಿ ಕೇಳಿದಳು, "ನಿಜವಾಗ್ಲೂ ಏನು ಹೇಳ್ಕೋತಿದ್ದೆ?"

"ಫ್ಲೇಮ್, ಕೂಲ್, ಟಚ್, ಸ್ಟ್ರೀಕ್."

"ಥೂ," ಎಂದು ಕೈ ಒರೆಸಿಕೊಂಡು ಹೋದಳು.

ಅಕ್ಟೋಬರ್ ೧೭, ಗುರುವಾರ

ಖಾಲಿ ಪ್ಲೇಟಿನಲ್ಲಿ ಪ್ರಾಕ್ಟೀಸ್ ಮಾಡಿದೆ. ತುಟಿ ಕಚ್ಚಿ ಹಿಡಿದರೆ ಕೈಗೆ ಮುಂದೇನೆಂದೇ ತೋಚುವುದಿಲ್ಲ. ಆರದ ಲೂಪನ್ನು ಜೆಲ್ಲಿಗೆ ಇಟ್ಟುಬಿಟ್ಟೆ, ಚುರ್ರೆಂದಿತು. ಪಾಪು ಇದ್ದಿದ್ದರೆ ಸುಟ್ಟೇಹೋಗುತ್ತಿತ್ತು. ಬಾಯಿ ತೆರೆದರೆ ಕೆಡುತ್ತದೆ, ಮುಚ್ಚಿದರೆ ಸಾಯುತ್ತದೆ.

ಅಕ್ಟೋಬರ್ ೧೯, ಶನಿವಾರ

ಮತ್ತೆ ಪ್ರಾಕ್ಟೀಸ್. ಮತ್ತೆ ಚುರ್. ಬಾಗಿಲಿಗೆ ಒರಗಿ ರೇಡಿಯೋ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದಲೋ.

"ಆಡ್ತಿದೆ," ಎಂದಳು. ಸ್ವಲ್ಪ ಹೊತ್ತಿಗೆ, "ಆಡ್ತಿದೆ." ಮತ್ತೆ, "ಈಗ ಆಡ್ಲಿಲ್ಲ, ಆದ್ರೆ ಲೂಪ್ ಕಾಯಿಸೋದೇ ಮರ್ತೆ."

"ಆಗಲ್ಲ ನನ್ನ ಕೈಲಿ," ಎಂದೆ. ಅಳು ಬಂತು, ಬರ್ನರ್ ಆರಿಸಿದೆ. "ಹೇಳ್ಕೊಳ್ಳದೆ ನಂಗೆ ಏನೂ ಬರಲ್ಲ. 'ಏ ಬಿ ಸಿ'ನೂ ಬರಲ್ಲ. ಚಿಕ್ಕವಳಿದ್ದಾಗ ಅರ್ಥ ಆಗ್ತಿರ್ಲಿಲ್ಲ, ಕೇಳೋಕೆ ಯಾರೂ ಇರ್ಲಿಲ್ಲ, ಸುಮ್ಮನೆ ಹೇಳ್ಕೋತಾ ಇರ್ತಿದ್ದೆ." ಇನ್ನೂ ಏನೇನೋ ಹೇಳಿದೆ. ವಾರ್ಡನ್ ವಿಷಯ, ಅಪ್ಪನ ಕೆಮ್ಮಿನ ವಿಷಯ.

ಅವಳು ಅಡ್ಡ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ಗೊತ್ತಾಯ್ತು ಬಿಡು," ಎಂದಳು. "ನಿಂಗೆ ಹೇಳೋರು ಬೇಕು ಅಷ್ಟೇ. ನೀನೇ ಹೇಳ್ಕೋಬೇಕು ಅಂತ ಎಲ್ಲಿದೆ?"

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಹಚ್ಚೇ ಬರ್ನರ್," ಎಂದಳು.

ಅಕ್ಟೋಬರ್ ೨೨, ಮಂಗಳವಾರ

ಫ್ರಿಡ್ಜಿನಿಂದ ಪಾಪುವನ್ನು ತೆಗೆದಾಗ ಜೆಲ್ಲಿ ಸುಕ್ಕುಗಟ್ಟಿತ್ತು. ಚುಕ್ಕೆಗಳ ಬಿಳುಪು ಮಾಸಿತ್ತು. ಬದುಕಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಮೇಡಂ ಟೇಬಲಿನ ಆಚೆ ಕೈಕಟ್ಟಿ ನಿಂತರು. ರೇಡಿಯೋ ನನ್ನ ಹಿಂದೆ, ಗೋಡೆಗೆ ಮುಖ ಮಾಡಿ, ಸಾಕಷ್ಟು ದೂರದಲ್ಲಿ. ಸಂಗಾತಿ ಸ್ಟೆಪ್ ಓದಿ ಹೇಳಬಾರದೆಂಬ ನಿಯಮ ಎಲ್ಲೂ ಇಲ್ಲ ಎಂದು ಅವಳೇ ಮೇಡಂ ಹತ್ತಿರ ವಾದ ಮಾಡಿ ಗೆದ್ದಿದ್ದಳು. ನಾನು ನಾಲಗೆಯನ್ನು ಅಂಗುಳಿಗೆ ಒತ್ತಿ, ತುಟಿ ಬಿಗಿದು, ಬೆನ್ನು ನೇರ ಮಾಡಿದೆ.

"ಕಾಯ್ಸು," ಎಂದಿತು ಗೋಡೆಯ ಕಡೆಯಿಂದ ದನಿ. "ಕೆಂಪಗಾಯ್ತಾ? ಬೇಡ, ಹೇಳ್ಬೇಡ, ಆಗಿರುತ್ತೆ. ಈಗ ತೆಗಿ. ಆರ್ಲಿ. ಮುಟ್ಬೇಡ ಇನ್ನೂ. ಅದು ಆರೋವರೆಗೂ ಒಂದು ವಿಷಯ ಕೇಳು. ಅಮ್ಮನ ಸಲೂನಿಗೆ ಒಬ್ಬರು ಬಂದು ಕುರ್ಚೀಲೇ ನಿದ್ದೆ ಹೋದ್ರಂತೆ. ಎದ್ದು ಕನ್ನಡಿ ನೋಡ್ಕೊಂಡು, 'ಇವರದ್ದು ಮುಗೀತಲ್ಲ, ನನ್ನ ಸರದಿ ಯಾವಾಗ?' ಅಂದ್ರಂತೆ."

ನಗು ಹೊಟ್ಟೆಯಿಂದ ಹೊರಟು ಗಂಟಲಿಗೆ ಬಂತು. ಮೇಡಂ ಕಣ್ಣು ದೊಡ್ಡದು ಮಾಡಿದರು. ಮೂಗಿನಲ್ಲಿ ಉಸಿರೆಳೆದು ನುಂಗಿದೆ. ಲೂಪ್ ಅಲುಗಲಿಲ್ಲ.

"ಈಗ ಆರಿದೆ. ಮುಟ್ಟು. ಒಂದೇ ಚುಕ್ಕೆ. ಮೆತ್ತಗೆ, ಪಾಪು ಮಲಗಿದೆ. ಹೊಸ ಮುಚ್ಚಳ ಒಂಚೂರು ಎತ್ತು, ಪೂರ್ತಿ ಬೇಡ. ಎಳಿ ಗೆರೆ. ಬಗ್ಗಬೇಡ್ವೇ, ನಂಗೆ ಬೆನ್ನಲ್ಲೂ ಕಣ್ಣಿದೆ. ಡೊಂಕಾದ್ರೆ ಆಗ್ಲಿ. ಮುಚ್ಚು. ತಿರುಗ್ಸು. ಕಾಯ್ಸು..."

ಕೈ ತಾನಾಗಿಯೇ ಹೋಯಿತು. ಒಳಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಅಷ್ಟು ಖಾಲಿ ಜಾಗ ಅಲ್ಲಿತ್ತೆಂದು ಗೊತ್ತಿರಲಿಲ್ಲ.

ಪ್ಲೇಟನ್ನು ಬೋರಲು ಹಾಕಿ ಇನ್‌ಕ್ಯುಬೇಟರಿಗಿಟ್ಟೆವು. ಗೆರೆ ಹಾವಿನಂತೆಯೇ ಬಂದಿತ್ತು.

ಅಕ್ಟೋಬರ್ ೨೩, ಬುಧವಾರ

ಬದುಕಿದೆ. ಬಿಳಿ ಚುಕ್ಕೆಗಳು ಗೆರೆಯ ಮೇಲೆ ಮಾತ್ರ.

ನನ್ನ ಕಡೆಯ ಅಂಚು ಖಾಲಿ. ರೇಡಿಯೋ ಬೆಳಕಿಗೆ ಹಿಡಿದು ನೋಡಿದಳು, ನಾನು ನೋಡಿದೆ, ಮತ್ತೆ ಅವಳು ನೋಡಿದಳು. ಆಮೇಲೆ ನನ್ನ ಬೆನ್ನಿಗೆ ಗುದ್ದಿದಳು. ಇನ್ನೂ ನೋಯುತ್ತಿದೆ.

ಸಂಜೆ ಅವಳು ಓದಲು ನಮ್ಮ ರೂಮಿಗೇ ಬಂದಳು. ರೂಮ್‌ಮೇಟ್ ಹತ್ತಿಯ ಉಂಡೆ ತೆಗೆದು, "ಮೊದಲು ಜೇನುಗೂಡು, ಈಗ ಸಂತೆ. ನನ್ನ ಕಿವಿಗೆ ಮೋಕ್ಷ ಇಲ್ಲ," ಎಂದಳು. ಸಂತೆ ಎಂದದ್ದು ರೇಡಿಯೋಗೆ.

ಅಕ್ಟೋಬರ್ ೨೪, ಗುರುವಾರ

ಎಕ್ಸಾಮಿನರ್ ವಯಸ್ಸಾದವರು, ಸಣ್ಣ ದನಿಯವರು. ಪ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿದರು, ಲೆನ್ಸ್ ಇಟ್ಟು ನೋಡಿದರು. ಮೇಡಂ ಗೋಡೆಯ ಪಕ್ಕ ನಿಂತಿದ್ದರು.

"ಶುದ್ಧವಾಗಿದೆ. ಆದ್ರೆ ಇದಕ್ಕೆ ಮುಂಚೆ ಎರಡು ಸಲ ಕೆಟ್ಟಿತ್ತಂತೆ. ಯಾಕೆ ಕೆಡ್ತು? ಇಬ್ಬರಲ್ಲಿ ಯಾರು ಹೇಳ್ತೀರಿ?"

ರೇಡಿಯೋ ಬಾಯಿ ತೆರೆದಳು. ಅಷ್ಟರಲ್ಲಿ ನಾನು ಶುರು ಮಾಡಿದೆ. ಗೆರೆಯ ಹೊರಗೆ ಯಾಕೆ ಬಂತು, ಮಣಿಸರದ ಹಾಗೆ ಯಾಕೆ ಕಂಡಿತು, ಪಿಸುಗುಟ್ಟಿದರೂ ತುಂತುರು ಹೇಗೆ ಬೀಳುತ್ತದೆ, ಹತ್ತಿರ ಬಗ್ಗಿದ್ದರಿಂದ ಎಷ್ಟು ಹೆಚ್ಚಾಯಿತು, ಮೌನದ ಪ್ಲೇಟು ಹೇಗೆ ತುಂಬಿತು. ಹೇಳುತ್ತಾ ಹೋದಂತೆ ಇನ್ನೂ ನೆನಪಾಗುತ್ತಿತ್ತು.

"ಸಾಕಮ್ಮ, ಸಾಕು," ಎಂದರು ಎಕ್ಸಾಮಿನರ್, ಕೈ ಎತ್ತಿ. "ಗೊತ್ತಾಯ್ತು. ಪಾಸ್. ಹೊರಗೆ ಇನ್ನೂ ಜನ ಕಾಯ್ತಿದ್ದಾರೆ."

ಪರೀಕ್ಷೆ ಮುಗಿದ ಪ್ಲೇಟುಗಳನ್ನು ಒತ್ತಡದ ಹಬೆಯಲ್ಲಿ ಬೇಯಿಸಿ ಕೊಂದೇ ಎಸೆಯಬೇಕು. ಪಾಪುವನ್ನು ಇಬ್ಬರೂ ಸೇರಿ ಚೀಲಕ್ಕೆ ಹಾಕಿದೆವು. ಆಮೇಲೆ ಕಾರಿಡಾರಿನಲ್ಲಿ ರೇಡಿಯೋ ಅಮ್ಮನಿಗೆ ಫೋನ್ ಮಾಡಿ, "ಆ ಕುರ್ಚಿಗೆ ಬೇರೆ ಯಾರನ್ನಾದ್ರೂ ಹುಡ್ಕಮ್ಮ," ಎಂದಳು. ಫೋನಿಟ್ಟು ನನ್ನ ಕಡೆ ತಿರುಗಿದಳು.

"ಒಂದು ಮಾತಿಗೂ ಜಾಗ ಕೊಡ್ಲಿಲ್ಲ ನೀನು! ನನ್ನ ಜೀವಮಾನದಲ್ಲೇ ಇಂಥ ಅವಮಾನ ಆಗಿಲ್ಲ."

ಎಲ್ಲದಕ್ಕೂ ಬಣ್ಣ ಕಟ್ಟುವುದು ಅವಳ ಹುಟ್ಟುಗುಣ. ನಾನು ಅಷ್ಟೇನೂ ಮಾತಾಡಲಿಲ್ಲ.

ಇನ್ನೂ ಬರೆಯುವುದಿತ್ತು. ಅಕ್ಕನಿಗೆ ಫೋನ್ ಮಾಡಬೇಕು, ಅವಳಿಗೆ ಮೊದಲಿನಿಂದ ಎಲ್ಲ ಹೇಳಬೇಕು.